ಎಲ್ಲಿ ನಿಲ್ಲಬೇಕು? ಪ್ರೌಢಶಾಲೆಯ ಛಂದಸ್ಸು, ಲೇಖನ ಚಿಹ್ನೆಗಳ ಪಾಠ

ಷಟ್ಪದಿ ಪಾಠಕ್ಕೆ ಪುಸ್ತಕದ ಪದ್ಯವನ್ನೇ ತೆಗೆದುಕೊಂಡರೆ ಮಕ್ಕಳು ಗೈಡು ನೋಡಿ ಪ್ರಸ್ತಾರ ಹಾಕಿಬಿಡುತ್ತಾರೆ. ಹಾಗಾಗಿ ತುರುವೇಕೆರೆ ಸೀಮೆಯ ಒಂದು ಶಾಲೆಯಲ್ಲಿ ಒಂಬತ್ತನೇ ತರಗತಿಗೆ ನಾನೇ ಮೂರು ಸಾಲು ಕಟ್ಟಿ ಬೋರ್ಡಿನ ಮೇಲೆ ಬರೆದೆ:

ತೆಂಗು ತೋಟದ ನೆರಳಿನೊಳಗಡೆ
ರಂಗ ಸೈಕಲು ತುಳಿದು ಬರುವನು
ಕಂಗಳಲಿ ನಿದ್ದೆಯನು ಹೊತ್ತೇ ಶಾಲೆ ಬಾಗಿಲಿಗೆ

ಭಾಮಿನಿ ಷಟ್ಪದಿಯ ಅರ್ಧ ಇದು. ಮೊದಲೆರಡು ಸಾಲಿಗೆ ಮೂರು-ನಾಲ್ಕು, ಮೂರು-ನಾಲ್ಕರಂತೆ 14 ಮಾತ್ರೆ. ಮೂರನೆಯದು ಅದೇ ನಡೆಯಲ್ಲಿ ಮೂರು ಸುತ್ತು ಹೋಗಿ, ಕೊನೆಗೊಂದು ಗುರುವಿನ ಮೇಲೆ ಕೂರುತ್ತದೆ, ಅಲ್ಲಿಗೆ 23. ಮಕ್ಕಳು ಐದು ನಿಮಿಷದಲ್ಲಿ ಪ್ರಸ್ತಾರ ಹಾಕಿದರು, ಹೆಚ್ಚಿನವರದು ಸರಿಯಾಗಿಯೇ ಇತ್ತು. ಆಮೇಲೆ ಇವೇ ಸಾಲುಗಳಿಗೆ ಲೇಖನ ಚಿಹ್ನೆ ಹಾಕಿ ಎಂದೆ. ಬಹುತೇಕ ಎಲ್ಲರೂ ‘ಬರುವನು’ ಆದ ಮೇಲೆ ಪೂರ್ಣವಿರಾಮ ಇಟ್ಟರು. ಕ್ರಿಯಾಪದ ಬಂದರೆ ವಾಕ್ಯ ಮುಗಿಯಿತು ಎಂದು ಅವರಿಗೆ ಕಲಿಸಿದವರು ನಾವೇ. ಹಿಂದಿನ ಬೆಂಚಿನ ಒಬ್ಬ ಹುಡುಗಿ ಮಾತ್ರ ಅಲ್ಲಿ ಏನೂ ಇಟ್ಟಿರಲಿಲ್ಲ. ಯಾಕಮ್ಮ ಎಂದು ಕೇಳಿದೆ. ಅವಳು ಮೂರೂ ಸಾಲನ್ನು ಭಜನೆಯ ಧಾಟಿಯಲ್ಲಿ ಒಂದೇ ಉಸಿರಿಗೆ ಹೇಳಿ, “ಅಲ್ಲಿ ನಿಲ್ಸಕ್ಕಾಗಲ್ಲ ಸಾರ್, ರಂಗ ಇನ್ನೂ ಸ್ಕೂಲಿಗೆ ಬಂದೇ ಇಲ್ವಲ್ಲ” ಅಂದಳು.

ಛಂದಸ್ಸಿನ ಪಾಠವನ್ನೂ ಲೇಖನ ಚಿಹ್ನೆಯ ಪಾಠವನ್ನೂ ನಾವು ಬೇರೆ ಬೇರೆ ತಿಂಗಳಲ್ಲಿ, ಬೇರೆ ಬೇರೆ ಪುಟದಲ್ಲಿ ಮಾಡುತ್ತೇವೆ. ಆ ಹುಡುಗಿ ಎರಡನ್ನೂ ಒಂದೇ ಪ್ರಶ್ನೆಯಾಗಿ ಹಿಡಿದಿದ್ದಳು: ಓದುವವರ ಉಸಿರು ಎಲ್ಲಿ ನಿಲ್ಲಬೇಕು, ಎಲ್ಲಿ ಹರಿಯಬೇಕು? ಈ ಎರಡನ್ನೂ ಕಲಿಸಬೇಕೇ, ಹೇಗೆ, ಎಷ್ಟು ಎಂಬ ಚರ್ಚೆ ಹಳೆಯದು. ಅದರ ಎರಡು ಮುಖ್ಯ ಕೊಂಡಿಗಳು ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ಈ ತೆಂಗಿನ ಸೀಮೆಯಲ್ಲೇ ಇವೆ.

ಓಲೆಗರಿಯಲ್ಲಿ ವಿರಾಮ ಎಲ್ಲಿತ್ತು

ಹಳಗನ್ನಡದ ಓಲೆಗರಿಯಲ್ಲಿ ಪದಗಳ ನಡುವೆ ಜಾಗವಿಲ್ಲ, ಪದ್ಯಕ್ಕೆ ಸಾಲು ಬೇರೆ ಮಾಡಿ ಬರೆಯುವ ರೂಢಿಯೂ ಇಲ್ಲ. ಪದ್ಯ ಮುಗಿದಾಗ ಜೋಡಿ ಗೀಟು, ಪಕ್ಕದಲ್ಲಿ ಸಂಖ್ಯೆ, ಅಷ್ಟೆ. ಹಾಗಿದ್ದೂ ಓದುಗ ದಾರಿ ತಪ್ಪುತ್ತಿರಲಿಲ್ಲ. ಪ್ರತಿ ಸಾಲಿನ ಎರಡನೇ ಅಕ್ಷರದಲ್ಲಿ ಬರುವ ಪ್ರಾಸ ಸಾಲಿನ ತಲೆಯನ್ನು ತೋರಿಸುತ್ತಿತ್ತು, ಗಣಗಳ ನಡೆ ಅದರ ತುದಿಯನ್ನು ತೋರಿಸುತ್ತಿತ್ತು. ಮೇಲಿನ ಮೂರು ಸಾಲನ್ನೇ ಒಟ್ಟಿಗೆ ಬರೆದರೂ ತೆಂಗು, ರಂಗ, ಕಂಗಳು ಎಂಬ ಸದ್ದು ಕೇಳಿ ಬಿಡಿಸಿಕೊಳ್ಳಬಹುದು. ಆ ಕಾಲಕ್ಕೆ ಛಂದಸ್ಸೇ ಲೇಖನ ಚಿಹ್ನೆಯಾಗಿತ್ತು.

ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಲ್ಲಿ, ಸುಮಾರು 700ರ ಹೊತ್ತಿಗೇ, ತ್ರಿಪದಿ ಕಲ್ಲಿನ ಮೇಲೆ ಬಂದಿದೆ. ಕನ್ನಡಕ್ಕೆ ಮೊದಲ ಛಂದಶ್ಶಾಸ್ತ್ರ ಬರೆದವನು ಹತ್ತನೇ ಶತಮಾನದ ಕೊನೆಯ ನಾಗವರ್ಮ. ಅವನ ‘ಛಂದೋಂಬುಧಿ’ ತನ್ನ ಹೆಂಡತಿಯನ್ನು ಕರೆದು ಕರೆದು ಹೇಳಿದಂತೆ ಸಾಗುತ್ತದೆ. ಪಾಠ ಹೇಳುವವರು ಇದನ್ನು ಮರೆಯಬಾರದು: ನಮ್ಮ ಛಂದಸ್ಸಿನ ಮೊದಲ ಪಠ್ಯಪುಸ್ತಕ ಮನೆಯಲ್ಲಿ ಕೂತು ಆಡಿದ ಮಾತಿನ ರೂಪದಲ್ಲಿದೆ. ಸಂಸ್ಕೃತದವರು ಸಾಲಿನ ನಡುವೆ ಬೇಕೆಂದ ಯತಿಯನ್ನು ಕನ್ನಡ ಕವಿ ದಾಟಬಹುದು, ಪ್ರಾಸವನ್ನು ಬಿಡುವಂತಿಲ್ಲ ಎಂಬ ಧೋರಣೆಯೂ ಲಕ್ಷಣಕಾರರ ಕಾಲದ್ದೇ. ಎಲ್ಲಿ ನಿಲ್ಲಬೇಕು ಎನ್ನುವುದಕ್ಕೆ ಕನ್ನಡ ತನ್ನದೇ ಉತ್ತರ ಹುಡುಕಿಕೊಂಡಿತ್ತು.

ಅಲ್ಪವಿರಾಮ, ಪೂರ್ಣವಿರಾಮಗಳು ಅಚ್ಚಿನ ಮೊಳೆಯ ಜೊತೆ ಬಂದವು. 1817ರಲ್ಲಿ ಸೇರಾಂಪುರದಲ್ಲಿ ವಿಲಿಯಂ ಕೇರಿಯ ಕನ್ನಡ ವ್ಯಾಕರಣ ಅಚ್ಚಾಯಿತು, 1843ರಲ್ಲಿ ಬಾಸೆಲ್ ಮಿಷನ್ನಿನ ಮೋಗ್ಲಿಂಗ್ ‘ಮಂಗಳೂರ ಸಮಾಚಾರ’ ಹೊರಡಿಸಿದ. ಇಂಗ್ಲಿಷ್, ಜರ್ಮನ್ ಪುಸ್ತಕಗಳನ್ನು ಕಂಡ ಕಣ್ಣುಗಳು ಕನ್ನಡದ ಪುಟವನ್ನು ಜೋಡಿಸಿದವು. ಅದೇ ಮಿಷನ್ನಿನ ಕಿಟೆಲ್ 1875ರಲ್ಲಿ ನಾಗವರ್ಮನ ಛಂದಸ್ಸನ್ನು ಸಂಪಾದಿಸಿ ಮಂಗಳೂರಿನಲ್ಲಿ ಅಚ್ಚು ಹಾಕಿಸಿದ. ಹೊಸ ವಿರಾಮ ಚಿಹ್ನೆಯೂ ಹಳೆಯ ಛಂದಸ್ಸೂ ಮುದ್ರಿತ ಪುಸ್ತಕದೊಳಕ್ಕೆ ಒಂದೇ ಬಾಗಿಲಿನಿಂದ ಬಂದವು. ಶಾಲೆಗೆ ಬಂದಾಗ ಮಾತ್ರ ಬೇರೆಯಾದವು.

ಸಂಪಿಗೆ ಮತ್ತು ತೀರ್ಥಪುರ

ತುರುವೇಕೆರೆ ತಾಲ್ಲೂಕಿನ ಸಂಪಿಗೆಯಲ್ಲಿ 1884ರಲ್ಲಿ ಹುಟ್ಟಿದ ಬಿ.ಎಂ. ಶ್ರೀಕಂಠಯ್ಯ ವೃತ್ತಿಯಿಂದ ಇಂಗ್ಲಿಷ್ ಮೇಷ್ಟರು. ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದಲ್ಲಿ 1906ರಲ್ಲಿ ಹುಟ್ಟಿದ ತೀ.ನಂ. ಶ್ರೀಕಂಠಯ್ಯ ಆ ಮೇಷ್ಟರ ಶಿಷ್ಯ. ಇಬ್ಬರು ಶ್ರೀಕಂಠಯ್ಯರ ಊರುಗಳೂ ಇದೇ ತೆಂಗಿನ ನೆರಳಿನವು.

ಬಿ.ಎಂ.ಶ್ರೀ ತರಗತಿಯಲ್ಲಿ ಪಾಲ್‌ಗ್ರೇವ್‌ನ ‘ಗೋಲ್ಡನ್ ಟ್ರೆಷರಿ’ಯ ಕವಿಗಳನ್ನು ಕಲಿಸುತ್ತಿದ್ದವರು. ಅಲ್ಲಿನ ಲಯವನ್ನು ಕನ್ನಡದ ಹುಡುಗರ ಕಿವಿಗೆ ಹೇಗೆ ಮುಟ್ಟಿಸುವುದು ಎಂಬ ಕಷ್ಟ ಅವರಿಗೆ ದಿನವೂ ಎದುರಾಗಿರಲೇಬೇಕು. 1926ರಲ್ಲಿ ಬಂದ ‘ಇಂಗ್ಲಿಷ್ ಗೀತಗಳು’ ಆ ಕಷ್ಟಕ್ಕೆ ಕೊಟ್ಟ ಉತ್ತರ ಎಂದೇ ನಾನು ಓದುತ್ತೇನೆ. ಇಂಗ್ಲಿಷಿನ ಲಯ ಒತ್ತಿನ ಮೇಲೆ ನಿಂತದ್ದು, ನಮ್ಮದು ಮಾತ್ರೆಯ ಅಳತೆಯ ಮೇಲೆ. ಅವರು ಒತ್ತನ್ನು ಕನ್ನಡಕ್ಕೆ ಎಳೆದು ತರಲಿಲ್ಲ. ಮೂರು, ನಾಲ್ಕು, ಐದು ಮಾತ್ರೆಯ ಗಣಗಳನ್ನೇ ಹೊಸದಾಗಿ ಜೋಡಿಸಿದರು, ಎರಡನೇ ಅಕ್ಷರದ ಪ್ರಾಸ ಬಿಟ್ಟು ಸಾಲಿನ ತುದಿಗೆ ಪ್ರಾಸ ತಂದರು, ಸಾಲುಗಳನ್ನು ಗಿಡ್ಡ-ಉದ್ದ ಮಾಡಿ ನುಡಿಗೆ ಹೊಸ ಆಕಾರ ಕೊಟ್ಟರು. ಅದಕ್ಕೂ ಮುಂಚೆ ಮಂಜೇಶ್ವರದ ಗೋವಿಂದ ಪೈಗಳು ಆದಿಪ್ರಾಸವನ್ನು ಬಿಟ್ಟು ದಾರಿ ತೆರೆದಿದ್ದರು. ಹೊಸ ಕವಿತೆಯ ದೊಡ್ಡ ಪಾಲು ಈ ಜೋಡಣೆಯ ಮೇಲೆ ನಡೆಯಿತು. ‘ಕನ್ನಡ ಕೈಪಿಡಿ’ಗೆ ಛಂದಸ್ಸಿನ ಚರಿತ್ರೆ ಬರೆದವರೂ ಬಿ.ಎಂ.ಶ್ರೀಯವರೇ. ಹಳೆಯದನ್ನು ಬಲ್ಲವರ ಕೈಯಲ್ಲೇ ಹೊಸದು ಹುಟ್ಟಿತು.

ತೀ.ನಂ.ಶ್ರೀ ಎಂದರೆ ಎಲ್ಲರಿಗೂ ‘ಭಾರತೀಯ ಕಾವ್ಯಮೀಮಾಂಸೆ’ ನೆನಪಾಗುತ್ತದೆ. ಶಾಲೆಯ ಮಟ್ಟಿಗೆ ಅವರ ‘ಕನ್ನಡ ಮಧ್ಯಮ ವ್ಯಾಕರಣ’ವೇ ಹೆಚ್ಚು ಕೆಲಸ ಮಾಡಿದೆ. ಸೂತ್ರ ಕಡಿಮೆ, ಉದಾಹರಣೆ ಹೆಚ್ಚು, ಮಾತು ತಿಳಿ. ತಲೆಮಾರುಗಳ ವಿದ್ಯಾರ್ಥಿಗಳಿಗೆ ಸಂಧಿ, ಸಮಾಸ ಹೇಳಿಕೊಟ್ಟ ಪುಸ್ತಕ ಅದು.

ಲಕ್ಷಣ ಮೊದಲು

ಛಂದಸ್ಸನ್ನು ಹೇಗೆ ಕಲಿಸಬೇಕು ಎಂಬುದರಲ್ಲಿ ಮೂರು ಪಕ್ಷಗಳಿವೆ. ಇಂದಿನ ತರಗತಿಯಲ್ಲಿ ಗೆದ್ದಿರುವುದು ಲಕ್ಷಣದ ಪಕ್ಷ. ಗುರು, ಲಘು ಗುರುತಿಸು. ಯಮಾತಾರಾಜಭಾನಸಲಗಂ ಎಂಬ ಹತ್ತಕ್ಷರದ ಸೂತ್ರದಿಂದ ಎಂಟು ಗಣ ಬಿಡಿಸು. ಕಂದಕ್ಕೆ ನಾಲ್ಕು ಮಾತ್ರೆಯ ಗಣ, ಮೊದಲ ಸಾಲಿಗೆ ಮೂರು, ಎರಡನೆಯದಕ್ಕೆ ಐದು. ಉತ್ಪಲಮಾಲೆಗೆ 20 ಅಕ್ಷರ, ಚಂಪಕಮಾಲೆಗೆ 21. ಹತ್ತನೇ ತರಗತಿಯ ಪ್ರಥಮ ಭಾಷೆಯ ಪತ್ರಿಕೆಯಲ್ಲಿ ಪ್ರಸ್ತಾರ ಹಾಕಿ, ಗಣ ವಿಭಾಗ ಮಾಡಿ, ಛಂದಸ್ಸಿನ ಹೆಸರು ಬರೆಯುವುದಕ್ಕೆ 3 ಅಂಕ. ಕನ್ನಡ ಓದಲು ತಡವರಿಸುವ ಹುಡುಗನಿಗೂ ಈ ಮೂರು ಅಂಕ ಸಿಗುತ್ತದೆ, ಏಕೆಂದರೆ ಅದು ಲೆಕ್ಕ. ಮೇಷ್ಟರುಗಳು ಇದನ್ನು ಬಿಡದೆ ಮಾಡಿಸುವುದು ಆ ಹುಡುಗನ ಮೇಲಿನ ಕಾಳಜಿಯಿಂದಲೇ.

ಈ ಪಕ್ಷದ ವಾದವನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಹಳಗನ್ನಡ ಪದ್ಯದಲ್ಲಿ ಪದ ಬಿಡಿಸುವುದು ಎಡವಿದಾಗ ಗಣದ ಲೆಕ್ಕ ಕೈ ಹಿಡಿಯುತ್ತದೆ. ಪಾಠ ಕೆಟ್ಟಿದೆಯೇ ಎಂದು ಸಂಪಾದಕರು ಕಂಡುಹಿಡಿಯುವುದೂ ಹಾಗೆಯೇ. ಟಿ.ವಿ. ವೆಂಕಟಾಚಲ ಶಾಸ್ತ್ರಿಗಳ ‘ಕನ್ನಡ ಛಂದಃಸ್ವರೂಪ’ದಂಥ ಗ್ರಂಥ ತಿರುವಿದವರಿಗೆ ಈ ಶಾಸ್ತ್ರ ಎಷ್ಟು ಸೂಕ್ಷ್ಮ ಎಂಬುದು ತಿಳಿಯುತ್ತದೆ. ಆದರೆ ಬೋರ್ಡಿನ ಮೇಲೆ ಆಗುವುದೇ ಬೇರೆ. ಮೇಲಿನ ಮೂರನೇ ಸಾಲಿಗೆ ಮಕ್ಕಳು ಗೀಟು ಹಾಕಿದಾಗ ‘ನಿದ್ದೆ’ ಎರಡು ಹೋಳಾಯಿತು. ‘ನಿದ್’ ಒಂದು ಗಣಕ್ಕೆ, ‘ದೆಯನು’ ಇನ್ನೊಂದಕ್ಕೆ. ಲೆಕ್ಕ ಸರಿಯೇ. ಆ ಗೀಟನ್ನು ನೋಡಿಕೊಂಡೇ ಓದು ಎಂದಾಗ ಹುಡುಗ ‘ಳಲಿನಿದ್’ ಎಂದು ನಿಲ್ಲಿಸಿ, ‘ದೆಯನು’ ಎಂದು ಮುಂದುವರಿದ. ಗಣದ ಗೀಟು ಅಳತೆಯ ಗುರುತು, ನಿಲ್ಲುವ ಗುರುತಲ್ಲ ಎಂದು ಅವನಿಗೆ ಯಾರೂ ಹೇಳಿರಲಿಲ್ಲ.

ಕಿವಿ ಮೊದಲು

ಎರಡನೇ ಪಕ್ಷದವರು ಹೇಳುವುದು: ಮೊದಲು ಹಾಡಿಸಿ, ಆಮೇಲೆ ಎಣಿಸಿ. ಇದಕ್ಕೆ ಶಾಸ್ತ್ರದ ಬೆಂಬಲವೂ ಇದೆ. ಸೇಡಿಯಾಪು ಕೃಷ್ಣಭಟ್ಟರು ‘ಛಂದೋಗತಿ’ಯಲ್ಲಿ ಗತಿಯನ್ನೇ ಚರ್ಚೆಯ ನಡುವಿಗೆ ತಂದರು: ಪದ್ಯದ ಜೀವ ನಡೆಯಲ್ಲಿದೆ, ಗಣ ಆ ನಡೆಯ ಹೆಜ್ಜೆ. ತ್ರಿಪದಿ, ಸಾಂಗತ್ಯಗಳಲ್ಲಿ ಇದು ಇನ್ನೂ ನಿಚ್ಚಳ. ಅವು ಬ್ರಹ್ಮ, ವಿಷ್ಣು, ರುದ್ರ ಎಂಬ ಅಂಶಗಣದವು. ಹಾಡುವಾಗ ಎಳೆಯುವುದಕ್ಕೆ, ಕುಗ್ಗಿಸುವುದಕ್ಕೆ ಅಲ್ಲಿ ಅವಕಾಶವಿದೆ. ಬರೆದಿಟ್ಟ ಗುರು-ಲಘು ಎಣಿಸಿದರೆ ಲೆಕ್ಕ ಕೂಡುವುದಿಲ್ಲ, ಬೀಸುವ ಕಲ್ಲಿನ ಮುಂದೆ ಹಾಡಿದರೆ ಸರಿಯಾಗಿ ಕೂಡುತ್ತದೆ.

ನಮ್ಮ ಸೀಮೆಯಲ್ಲಿ ಇದನ್ನು ವಿವರಿಸಲು ಪುಸ್ತಕ ಬೇಕಿಲ್ಲ. ಕಾಯಿಯನ್ನು ಅಟ್ಟಕ್ಕೆ ಹಾಕಿ ಹತ್ತು ಹನ್ನೊಂದು ತಿಂಗಳು ಬಿಡುತ್ತಾರೆ. ಒಳಗಿನ ನೀರು ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು ಉಂಡೆ ಕೊಬ್ಬರಿಯಾಗುತ್ತದೆ. ತಿಪಟೂರಿನ ಮಾರುಕಟ್ಟೆಗೆ ಹೋಗುವುದು ಅದೇ. ಒಡೆಯದೆ ಅದು ಗೊತ್ತಾಗುವುದು ಹೇಗೆ? ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ. ನೀರಿದ್ದರೆ ಗುಳುಗುಳು, ಒಣಗಿದ್ದರೆ ಲೊಟಲೊಟ. ಎಂಟನೇ ತರಗತಿಯ ಹುಡುಗನಿಗೆ ಈ ಎರಡು ಸದ್ದಿನ ನಡುವಿನ ಹತ್ತಾರು ಸದ್ದುಗಳೂ ಗೊತ್ತು. ಇದಕ್ಕೆ ಇನ್ನೊಂದು ತಿಂಗಳು ಬೇಕು ಎನ್ನುತ್ತಾನೆ. ಇಂಥ ಕಿವಿಗೆ ಭಾಮಿನಿಯ ಮೂರು-ನಾಲ್ಕಕ್ಕೂ ವಾರ್ಧಕದ ಐದು-ಐದಕ್ಕೂ ವ್ಯತ್ಯಾಸ ತಿಳಿಯುವುದು ಕಷ್ಟವೇ? ನಾನು ಮೇಜು ತಟ್ಟಿಸಿ ನೋಡಿದ್ದೇನೆ. ಎರಡು ಪೀರಿಯಡ್ಡಿನಲ್ಲಿ ಮಕ್ಕಳು ಕಣ್ಣು ಮುಚ್ಚಿಕೊಂಡೇ ಇದು ಭಾಮಿನಿ, ಇದು ವಾರ್ಧಕ ಅನ್ನುತ್ತಾರೆ. ಪ್ರಸ್ತಾರ ಆಮೇಲೆ ಬಂದರೆ ತಾವು ಕೇಳಿದ್ದಕ್ಕೆ ಹೆಸರು ಸಿಕ್ಕಿತೆಂದು ಖುಷಿಪಡುತ್ತಾರೆ.

ಕಲಿಸಲು ಆಸರೆಗಳೂ ಇಲ್ಲೇ ಇವೆ. ಮೂಡಲಪಾಯ ಯಕ್ಷಗಾನದ ಭಾಗವತಿಕೆ ಕೇಳಿದ ಹಿರಿಯರು ಈ ಊರುಗಳಲ್ಲಿ ಇನ್ನೂ ಇದ್ದಾರೆ. ಸೋಮನ ಕುಣಿತದ ಪದ, ಭಜನೆಯ ತತ್ವಪದ ಇವೆ. ಲಕ್ಷ್ಮೀಶನ ‘ಜೈಮಿನಿ ಭಾರತ’ವನ್ನು ವಾಚಿಸುತ್ತಿದ್ದ ಮನೆಗಳಿದ್ದವು, ಅವನ ದೇವನೂರು ಕಡೂರು ತಾಲ್ಲೂಕಿನದು, ಇಲ್ಲಿಗೆ ದೂರದ ಊರೇನಲ್ಲ. ಗಮಕ ಉಳಿಸಿಕೊಂಡ ಶಿವಮೊಗ್ಗದ ಹೊಸಹಳ್ಳಿಯ ಎಚ್.ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಬಂತು. ಗಮಕಿ ಪದ್ಯ ಓದುವಾಗ ಗಣಕ್ಕೆ ನಿಲ್ಲುವುದಿಲ್ಲ, ಅರ್ಥಕ್ಕೆ ನಿಲ್ಲುತ್ತಾನೆ, ಲಯವೂ ಕೆಡುವುದಿಲ್ಲ. ಛಂದಸ್ಸು, ಲೇಖನ ಚಿಹ್ನೆ ಎರಡೂ ಒಂದೇ ಗಂಟಲಿನಲ್ಲಿ ಕೂಡುವುದನ್ನು ಕೇಳಬೇಕಾದರೆ ಅಲ್ಲಿ ಕೇಳಬೇಕು. ನನ್ನ ಒಲವು ಈ ಪಕ್ಷದ ಕಡೆಗೆ ಎಂಬುದನ್ನು ಮುಚ್ಚಿಡುವುದಿಲ್ಲ. ಇದರ ತೊಡಕು ಒಂದೇ, ಆದರೆ ದೊಡ್ಡದು: ಹಾಡಬಲ್ಲ ಮೇಷ್ಟರು ಎಲ್ಲ ಶಾಲೆಗೂ ಸಿಗುವುದಿಲ್ಲ, ಮತ್ತು ಕಿವಿಯನ್ನು ಲಿಖಿತ ಪರೀಕ್ಷೆಯಲ್ಲಿ ಅಳೆಯುವ ಬಗೆ ಗೊತ್ತಿಲ್ಲ.

ಬಿಟ್ಟುಬಿಡಿ ಎನ್ನುವವರು

ಮೂರನೇ ಪಕ್ಷ ನವ್ಯದ ನಂತರ ಬಲವಾಯಿತು. 1950ರ ಹೊತ್ತಿಗೆ ಗೋಕಾಕರು ಮುಕ್ತಛಂದದ ಮಾತಾಡಿದರು, ಅಡಿಗರ ‘ಭೂಮಿಗೀತ’ 1959ರಲ್ಲಿ ಬಂತು. ಇಂದಿನ ಕವಿಗಳು ಬಳಸದ ಷಟ್ಪದಿಯನ್ನು ಹದಿನಾಲ್ಕರ ಮಕ್ಕಳಿಗೆ ಯಾಕೆ? ಕವಿತೆ ಏನು ಹೇಳುತ್ತದೆ ಎಂಬುದನ್ನು ಮಾತಾಡಲಿ ಎನ್ನುತ್ತಾರೆ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಅರ್ಥಪೂರ್ಣ ಕಲಿಕೆಗೆ ಒತ್ತು ಕೊಟ್ಟ ಮೇಲೆ ಇವರ ದನಿ ಗಟ್ಟಿಯಾಯಿತು. ವಾದದಲ್ಲಿ ಹುರುಳಿದೆ. ಆದರೆ ಅಡಿಗರನ್ನು ಜೋರಾಗಿ ಓದಿ ನೋಡಿ, ಐದು ಮಾತ್ರೆಯ ನಡೆ ಮುರಿಯುವುದೂ ಮತ್ತೆ ಕೂಡುವುದೂ ಕೇಳಿಸುತ್ತದೆ. ಮುರಿದದ್ದು ಏನು ಎಂದು ತಿಳಿಯದವರಿಗೆ ಮುರಿದದ್ದೇ ಕೇಳಿಸುವುದಿಲ್ಲ. ಕುವೆಂಪು ‘ಶ್ರೀ ರಾಮಾಯಣ ದರ್ಶನಂ’ಗೆ ಕಟ್ಟಿಕೊಂಡ ಮಹಾಛಂದಸ್ಸೂ ಹಾಗೆಯೇ, ರಗಳೆ ಗೊತ್ತಿದ್ದವರಿಗೆ ಅದರ ಹರಹು ಹೆಚ್ಚು ಗೊತ್ತಾಗುತ್ತದೆ.

ಇಂಗ್ಲಿಷ್ ಪೀರಿಯಡ್ಡಿನಲ್ಲಿ

ಕನ್ನಡ ಮಾಧ್ಯಮದ ಮಕ್ಕಳಿಗೆ ಇಂಗ್ಲಿಷ್ ಪದ್ಯದ ಲಯ ಕಲಿಸುವುದೇ ಬೇರೆ ಕಥೆ. ನಮ್ಮ ಹತ್ತನೇ ತರಗತಿಯ ಪುಸ್ತಕದಲ್ಲಿ ಷೇಕ್ಸ್‌ಪಿಯರನ ಪೋರ್ಷಿಯಾ ಕರುಣೆಯ ಬಗ್ಗೆ ಆಡುವ ಮಾತು ಪಾಠವಾಗಿ ಬಂದಿದೆ. ಅದರ ಸಾಲಿಗೆ ಸಾಮಾನ್ಯವಾಗಿ ಹತ್ತು ಉಚ್ಚಾರಾಂಶ, ಐದು ಒತ್ತು. ನಮ್ಮ ಮಕ್ಕಳ ಕಿವಿ ಒತ್ತನ್ನು ಹಿಡಿಯುವುದಿಲ್ಲ, ಹ್ರಸ್ವ-ದೀರ್ಘವನ್ನು ಹಿಡಿಯುತ್ತದೆ. ಇಂಗ್ಲಿಷಿನವರು ಹೋಟೆಲ್ ಎನ್ನುವಾಗ ಎರಡನೇ ಅಕ್ಷರದ ಮೇಲೆ ಭಾರ ಹಾಕುತ್ತಾರೆ. ತಿಪಟೂರಿನ ಬಸ್ ಸ್ಟ್ಯಾಂಡಿನಲ್ಲಿ ಅದು ‘ಹೋಟ್ಲು’, ಭಾರವೆಲ್ಲ ಮೊದಲನೆಯದರ ಮೇಲೆ. ಹಾಗಾಗಿ ಇಂಗ್ಲಿಷ್ ಪದ್ಯ ಬಾಯಿಪಾಠವಾಗುತ್ತದೆ, ನೆನಪಿನಿಂದ ಬರೆದು ಅಂಕ ಪಡೆಯುತ್ತಾರೆ, ಲಯ ಒಮ್ಮೆಯೂ ಕೇಳಿಸದೆ ಹೋಗುತ್ತದೆ. ಅದೇ ಪುಸ್ತಕದಲ್ಲಿ ಗೋಕಾಕರ ಇಂಗ್ಲಿಷ್ ಕವಿತೆಯೂ ಬಂದಿದೆ; ಕನ್ನಡ ಕವಿಯೊಬ್ಬ ಇಂಗ್ಲಿಷಿನಲ್ಲಿ ಬರೆದಾಗ ಯಾವ ಕಿವಿಯಿಂದ ಬರೆದ ಎಂದು ಮಕ್ಕಳನ್ನು ಕೇಳಲು ಇದಕ್ಕಿಂತ ಒಳ್ಳೆಯ ಅವಕಾಶವಿಲ್ಲ. ಬಿ.ಎಂ.ಶ್ರೀ ಮಾಡಿದ್ದನ್ನು ತರಗತಿಯಲ್ಲೇ ಮಾಡಬಹುದು: ಒಂದು ಇಂಗ್ಲಿಷ್ ಪದ್ಯ, ಪಕ್ಕದಲ್ಲಿ ಅವರ ಕನ್ನಡ ರೂಪ, ಎರಡನ್ನೂ ಮೇಜು ತಟ್ಟಿ ಓದುವುದು. ಇಂಗ್ಲಿಷ್ ಮೇಷ್ಟರೂ ಕನ್ನಡ ಮೇಷ್ಟರೂ ಒಂದು ಪೀರಿಯಡ್ ಒಟ್ಟಿಗೆ ನಿಂತರೆ ಸಾಕು.

ಲೇಖನ ಚಿಹ್ನೆಯ ವಿಷಯದಲ್ಲಿ ಇಂಗ್ಲಿಷ್ ನಾಡುಗಳಲ್ಲೂ ಒಮ್ಮತವಿಲ್ಲ. ಅಮೆರಿಕದಲ್ಲಿ 1963ರಲ್ಲಿ ಬ್ರಾಡಕ್ ಮತ್ತು ಸಂಗಡಿಗರ ವರದಿ, ವ್ಯಾಕರಣವನ್ನು ಬಿಡಿಯಾಗಿ ಕಲಿಸುವುದರಿಂದ ಮಕ್ಕಳ ಬರವಣಿಗೆಗೆ ಲಾಭವಿಲ್ಲ, ಹಾನಿಯೂ ಆಗಬಹುದು ಎಂದಿತು. ಇಂಗ್ಲೆಂಡ್ 2013ರಲ್ಲಿ ಅದಕ್ಕೆ ಬೆನ್ನು ತಿರುಗಿಸಿ, ಹನ್ನೊಂದರ ಮಕ್ಕಳಿಗೆ ವ್ಯಾಕರಣ, ಕಾಗುಣಿತ, ಚಿಹ್ನೆಗಳ ಪ್ರತ್ಯೇಕ ಪರೀಕ್ಷೆ ತಂದಿತು.

ಕನ್ನಡಕ್ಕೆ ಎಷ್ಟು ಚಿಹ್ನೆ ಬೇಕು?

ನಮ್ಮ ವ್ಯಾಕರಣ ಪುಸ್ತಕಗಳು ಇಂಗ್ಲಿಷಿನ ಚಿಹ್ನೆಗಳನ್ನೆಲ್ಲ ಪಟ್ಟಿ ಮಾಡುತ್ತವೆ: ಅಲ್ಪವಿರಾಮ, ಅರ್ಧವಿರಾಮ, ಉದ್ಧರಣ, ವಾಕ್ಯವೇಷ್ಟನ, ಆವರಣ. ಯಾವುದು ಉದ್ಧರಣ, ಯಾವುದು ವಾಕ್ಯವೇಷ್ಟನ ಎಂದು ಮಕ್ಕಳು ಹೆಸರು ಉರು ಹಾಕುತ್ತಾರೆ, ಒಂದಂಕದ ಪ್ರಶ್ನೆಗೆ. ಆದರೆ ಕನ್ನಡ ವಾಕ್ಯ ತನ್ನ ಚಿಹ್ನೆಗಳನ್ನು ಪ್ರತ್ಯಯಗಳಲ್ಲೇ ಇಟ್ಟುಕೊಂಡಿದೆ. “ಅಜ್ಜಿ ತೋಟಕ್ಕೆ ಹೋಗಿ ಗರಿ ಆಯ್ದು ಹೊರೆ ಕಟ್ಟಿ ತಲೆ ಮೇಲೆ ಇಟ್ಟುಕೊಂಡು ಬಂದಳು.” ಇಂಗ್ಲಿಷಿನಲ್ಲಿ ಇಲ್ಲಿ ಮೂರು ಅಲ್ಪವಿರಾಮ ಬೇಕು. ಕನ್ನಡದಲ್ಲಿ ಹೋಗಿ, ಆಯ್ದು, ಕಟ್ಟಿ ಎಂಬ ರೂಪಗಳೇ ‘ಇನ್ನೂ ಇದೆ, ಮುಂದೆ ನಡಿ’ ಎನ್ನುತ್ತವೆ. ‘ಎಂದು’, ‘ಅಂತ’ ಬಂದರೆ ಆಡಿದ ಮಾತು ಅಲ್ಲಿಗೆ ಮುಗಿಯಿತು. “ಕಾಯಿ ಕೆಡವಿದರಾ” ಎಂದರೆ ಕೊನೆಯ ದೀರ್ಘವೇ ಪ್ರಶ್ನೆ. ‘ಅಪ್ಪನೂ ಮಗನೂ’ ಎಂದಾಗ ನಡುವೆ ಏನೂ ಬೇಡ. ಕನ್ನಡಕ್ಕೆ ಕನ್ನಡದ್ದೇ ವ್ಯಾಕರಣ ಬೇಕು ಎಂದ ಡಿ.ಎನ್. ಶಂಕರಭಟ್ಟರ ವಾದವನ್ನು ಒಪ್ಪದವರೂ ಚಿಹ್ನೆಗಳ ಮಟ್ಟಿಗೆ ಈ ಪ್ರಶ್ನೆ ಕೇಳಿಕೊಳ್ಳಬೇಕು.

ಹಾಗೆಂದು ಚಿಹ್ನೆ ಬೇಡವೇ ಬೇಡ ಎನ್ನಲಾಗದು. “ರಂಗ ಬಂದ ದಾರಿಯಲ್ಲಿ ಬಿದ್ದ” ಎಂದು ಬರೆದು ಅರ್ಥ ಕೇಳಿ. ರಂಗ ತಾನು ಬಂದ ದಾರಿಯಲ್ಲೇ ಬಿದ್ದನೇ? ಅಥವಾ ರಂಗ ಬಂದ, ಆಮೇಲೆ ದಾರಿಯಲ್ಲಿ ಬಿದ್ದನೇ? ‘ಬಂದ’ ಕ್ರಿಯಾಪದವೂ ಹೌದು, ಮುಂದಿನ ನಾಮಪದಕ್ಕೆ ಅಂಟಿಕೊಳ್ಳುವ ಕೃದಂತವೂ ಹೌದು. ಇಲ್ಲಿ ಅಲ್ಪವಿರಾಮ ಒಂದೇ ಗತಿ. ಕನ್ನಡಕ್ಕೇ ಬೇಕಾದ ಇಂಥ ಜಾಗಗಳನ್ನು ಹೆಕ್ಕಿ ಕಲಿಸಿದರೆ ಮಕ್ಕಳಿಗೆ ಚಿಹ್ನೆಯ ಬೆಲೆ ಗೊತ್ತಾಗುತ್ತದೆ. ಪುಸ್ತಕದ ಉದಾಹರಣೆಗಳಲ್ಲಿ ಇವು ಕಾಣುವುದು ಅಪರೂಪ.

ಇನ್ನೂ ಇತ್ಯರ್ಥವಾಗದ್ದು

ಪ್ರಸ್ತಾರ ಹಾಕಲು ಬಂದ ಹುಡುಗ ಪದ್ಯವನ್ನು ಚೆನ್ನಾಗಿ ಓದುತ್ತಾನೆಯೇ? ಎರಡೂ ಬರುವವರನ್ನು ನೋಡಿದ್ದೇನೆ, ಒಂದೇ ಬರುವವರನ್ನೂ ನೋಡಿದ್ದೇನೆ. ಪ್ರಥಮ ಭಾಷೆಯ 125 ಅಂಕದಲ್ಲಿ 25 ಆಂತರಿಕ ಮೌಲ್ಯಮಾಪನಕ್ಕಿದೆ. ವಾಚನವನ್ನು ಅಲ್ಲಿ ನಿಜವಾಗಿ ಅಳೆಯಬಹುದೇ ಅಥವಾ ಅದೂ ಎಲ್ಲರಿಗೂ ಪೂರ್ತಿ ಕೊಡುವ ಅಂಕವಾಗಿ ಉಳಿಯುತ್ತದೆಯೇ? ಕೃದಂತಗಳ ಸರಪಳಿಯಲ್ಲಿ ಅಲ್ಪವಿರಾಮ ಎಲ್ಲಿ ಬೇಕು ಎಂಬುದಕ್ಕೆ ಪತ್ರಿಕೆಗಳು, ಪ್ರಕಾಶಕರು, ಪಠ್ಯಪುಸ್ತಕಗಳು ಒಂದೇ ರೂಢಿ ಪಾಲಿಸುತ್ತಿಲ್ಲ; ಮೇಷ್ಟರು ಯಾವುದನ್ನು ತಪ್ಪೆಂದು ಹೊಡೆದು ಹಾಕಬೇಕು? ಮಾತ್ರೆಯ ಕಿವಿಯ ಮಕ್ಕಳಿಗೆ ಒತ್ತಿನ ಲಯವನ್ನು ಕಲಿಸಬೇಕೇ, ನಮ್ಮ ಲಯದಲ್ಲೇ ಇಂಗ್ಲಿಷ್ ಓದಲು ಬಿಡಬೇಕೇ? ಬಿ.ಎಂ.ಶ್ರೀ ಬರೆಯುವವರಿಗೆ ದಾರಿ ತೋರಿಸಿದರು. ಓದುವವರಿಗೆ ಏನೆಂಬುದು ತೆರೆದೇ ಇದೆ.

ಅಳಿಸುವ ಮುನ್ನ ಆ ಮೂರು ಸಾಲಿನ ಕೊನೆಗೆ ಏನಿಡಬೇಕೆಂದು ತರಗತಿಯನ್ನು ಕೇಳಿದೆ. ಪೂರ್ಣವಿರಾಮ ಎಂದರು ಕೆಲವರು. ಷಟ್ಪದಿಯ ಉಳಿದ ಅರ್ಧ ಬಂದಿಲ್ಲ, ಅಲ್ಲೂ ನಿಲ್ಲಿಸಬಾರದು ಎಂದರು ಇನ್ನು ಕೆಲವರು. ನನಗೂ ಗೊತ್ತಾಗಲಿಲ್ಲ. ಉಳಿದ ಮೂರು ಸಾಲು ಬರೆದುಕೊಂಡು ಬನ್ನಿ, ಆಮೇಲೆ ನೋಡೋಣ ಎಂದೆ.